ಮುಚ್ಚಳದ ಮೇಲಿನ ಚುಕ್ಕೆಗಳು

"ಇವತ್ತು ಉರೀತಾನೇ ಇಲ್ವಲ್ಲ," ಎಂದರು ಬ್ಯಾಂಕಿನ ಕ್ಯಾಷಿಯರಮ್ಮ, ಕಣ್ಣು ಮುಚ್ಚಿಕೊಂಡೇ.

ಮುಖದ ಆರೈಕೆಯ ನನ್ನ ಕಸುಬಿನಲ್ಲಿ ಉರಿಯುತ್ತದೆ ಎಂದು ದೂರುವವರೇ ಎಲ್ಲ. ಉರಿಯುತ್ತಿಲ್ಲ ಎಂದು ದೂರಿದವರು ಹದಿನಾಲ್ಕು ವರ್ಷದಲ್ಲಿ ಇವರೊಬ್ಬರೇ. ಮೊದಲು ನಗು ಬಂತು. ಕೈಯಲ್ಲಿ ಬ್ರಷ್ಷು, ಪಕ್ಕದಲ್ಲಿ ಟೈಮರು, ಮಂಚದ ಮೇಲೆ ಕೂದಲಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ ಅವರ ಹೊಳೆಯುವ ಮುಖ. ಎರಡು ನಿಮಿಷ ಕಳೆದಿತ್ತು. ಬೇರೆ ದಿನವಾಗಿದ್ದರೆ ಮೊದಲ ನಿಮಿಷಕ್ಕೇ "ಬೇಗ ಗಾಳಿ ಹಾಕಮ್ಮಾ" ಎಂದು ಅವರು ಗೋಗರೆಯಬೇಕಿತ್ತು. ನಾನು ಬಾಟಲಿಯಿಂದ ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದೆ. ನೂರಕ್ಕೆ ನಲವತ್ತರಷ್ಟು ಗಟ್ಟಿಯಾದ ಆಸಿಡ್ ಅಂಟಂಟು, ಬೆರಳು ಬಿಡಿಸುವಾಗ ಹಿಡಿದುಕೊಳ್ಳುತ್ತದೆ. ಇದು ನೀರಿನ ಹಾಗೆ ಜಾರಿತು.

ನನ್ನ ಕೈಯಲ್ಲಿದ್ದದ್ದು ತೆಳುವಾದ ಐದರದ್ದು. ಹಾಗಿದ್ದರೆ ನಿನ್ನೆ ಸಂಜೆ ನನ್ನ ತಂಗಿ ಗುಬ್ಬಿ ಮುಖಕ್ಕೆ ಹಚ್ಚಿಕೊಂಡದ್ದು ನಲವತ್ತರದ್ದು.

ಮ್ಯಾಂಡೆಲಿಕ್ ಆಸಿಡ್ಡನ್ನು ಮೊದಮೊದಲು ಕಹಿ ಬಾದಾಮಿಯಿಂದ ತೆಗೆದರಂತೆ. ಗಿರಾಕಿಗಳಿಗೆ ಬಾದಾಮಿ ಎಂದರೆ ಸಾಕು, ಆಸಿಡ್ ಎನ್ನುವ ಮಾತು ಅವರ ಕಿವಿಗೇ ಬೀಳುವುದಿಲ್ಲ. ಬೇರೆ ಕೆಲವು ಆಸಿಡ್ಡುಗಳು ಚರ್ಮದೊಳಗೆ ನುಗ್ಗಿಬಿಡುತ್ತವೆ. ಇದರ ಕಣ ದೊಡ್ಡದು, ನಿಧಾನವಾಗಿ ಇಳಿಯುತ್ತದೆ. ಬಾಗಿಲು ತಟ್ಟಿ ಒಳಗೆ ಬರುವ ಸಂಭಾವಿತ ಎಂದು ನಾನು ಎಲ್ಲರಿಗೂ ಪರಿಚಯ ಮಾಡಿಕೊಡುತ್ತಿದ್ದೆ. ಮೊಡವೆ ಏಳುವ ಚರ್ಮಕ್ಕೆ, ಮೊಡವೆ ಹೋದ ಮೇಲೂ ಉಳಿದುಕೊಳ್ಳುವ ಕಲೆಗೆ ಒಳ್ಳೆಯದು. ನೂರಕ್ಕೆ ಐದರಷ್ಟು ತೆಳುವಾದದ್ದನ್ನು ಹಚ್ಚಿಕೊಂಡು ಹಾಗೇ ಬಿಡಬಹುದು. ನಲವತ್ತರದ್ದಾದರೆ ಟೈಮರ್ ಇಟ್ಟು, ಪಕ್ಕದಲ್ಲಿ ಕಾವಲು ಕೂತು, ಐದು ನಿಮಿಷದೊಳಗೆ ತೊಳೆದುಬಿಡಬೇಕು. ಎಂಥ ಸಂಭಾವಿತರಾದರೂ ನಲವತ್ತು ಜನ ಒಟ್ಟಿಗೆ ಬಂದರೆ ಬಾಗಿಲು ಉಳಿಯುತ್ತದೆಯೇ?

ಇಷ್ಟೆಲ್ಲ ಗೊತ್ತಿದ್ದವಳು ನಾನು. ಗೊತ್ತಿದ್ದೂ ಎರಡನ್ನೂ ಒಂದೇ ಡ್ರಾಯರಿನಲ್ಲಿ, ಒಂದೇ ಅಳತೆಯ ಕಂದು ಬಾಟಲಿಗಳಲ್ಲಿ, ಲೇಬಲ್ ಇಲ್ಲದೆ ಇಟ್ಟಿದ್ದೆ. ಅದಕ್ಕೂ ಕಾರಣವಿತ್ತು. ಮನೆಯಲ್ಲೇ ಪಾರ್ಲರ್ ಮಾಡಿಕೊಂಡಿರುವ ನನ್ನ ಕೋಣೆಗೆ ಬರುವವರು ಕಳ್ಳರಲ್ಲ, ಆದರೆ ಕೈಯಲ್ಲಿ ಮೊಬೈಲ್ ಇದ್ದವರೆಲ್ಲ ಅರ್ಧ ಕಳ್ಳರೇ. ನಾನು ಕೈ ತೊಳೆಯಲು ಆ ಕಡೆ ತಿರುಗಿದರೆ ಸಾಕು, ಲೇಬಲ್ಲಿನ ಫೋಟೋ ಹೊಡೆದುಕೊಂಡು, ಮುಂದಿನ ತಿಂಗಳು ಅದನ್ನೇ ತರಿಸಿಕೊಂಡು, "ಈಗ ಮನೇಲೇ ಮಾಡ್ಕೋತೀನಿ" ಎಂದು ಹಲ್ಲು ಕಿರಿಯುವವರು. ಹಾಗೆ ಮೂವರು ಕೈಬಿಟ್ಟು ಹೋದ ಮೇಲೆ ರೋಸಿಹೋಗಿ ಎಲ್ಲ ಬಾಟಲಿಗಳನ್ನೂ ಬಿಸಿನೀರಿನಲ್ಲಿ ನೆನೆಸಿ ಲೇಬಲ್ ಕಿತ್ತೆ. ಡ್ರಾಯರ್ ಎಳೆದರೆ ಮೇಲಿನಿಂದ ಕಾಣುವುದು ಮುಚ್ಚಳ ಮಾತ್ರ, ಆದ್ದರಿಂದ ಗುರುತು ಮುಚ್ಚಳಕ್ಕೇ ಹಾಕಿದೆ. ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕೆ ಎಂದರೆ ಐದರದ್ದು, ಎರಡು ಚುಕ್ಕೆ ಎಂದರೆ ನಲವತ್ತರದ್ದು. ಇಂಥ ಉಪಾಯ ಬೇರೆ ಯಾರಿಗೆ ಹೊಳೆದೀತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಬಾಟಲಿಗೆ ಮುಚ್ಚಳ ಬದಲಾದರೆ ಚುಕ್ಕೆಯೂ ಬದಲಾಗುತ್ತದೆ ಎನ್ನುವುದು ಆ ಬೆಳಿಗ್ಗೆ ಹತ್ತೂ ಕಾಲಿಗೆ ನನಗೆ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅದೇ.

ಕ್ಯಾಷಿಯರಮ್ಮನ ಮುಖ ಒರೆಸಿ, "ನಿಮ್ಮ ಚರ್ಮಕ್ಕೆ ಅಭ್ಯಾಸ ಆಗಿಬಿಟ್ಟಿದೆ, ಒಳ್ಳೇದೇ" ಎಂದು ಸುಳ್ಳು ಹೇಳಿ ಕಳಿಸಿದೆ. ನಗುತ್ತಲೇ ಹೇಳಿದೆ. ಅದು ಕಸುಬು ಕಲಿಸಿದ ನಗು, ಒಳಗೆ ಏನೇ ಆಗುತ್ತಿದ್ದರೂ ಮುಖದ ಮೇಲೆ ನಿಂತಿರುತ್ತದೆ. ಅವರು ಹೊಸ್ತಿಲು ದಾಟಿದ ಕೂಡಲೇ ಗುಬ್ಬಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಮತ್ತೆ ಅದೇ.

ಗುಬ್ಬಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಹದಿನೈದಕ್ಕೆ ಶುರುವಾದ ಮೊಡವೆ ಇಪ್ಪತ್ತಾರಾದರೂ ಅವಳನ್ನು ಬಿಟ್ಟಿರಲಿಲ್ಲ. ಕಂಡಕಂಡವರೆಲ್ಲ ಅವಳ ಪಾಲಿಗೆ ಡಾಕ್ಟರುಗಳೇ: ಎಣ್ಣೆ ಬಿಡು, ನೀರು ಕುಡಿ, ಮದುವೆಯಾದರೆ ತಾನಾಗೇ ಹೋಗುತ್ತೆ. ಅವಳು ಯಾರಿಗೂ ಎದುರು ಮಾತಾಡದೆ ಮಾಸ್ಕ್ ಹಾಕಿಕೊಳ್ಳುವುದನ್ನು ಕಲಿತಳು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಗೆಳತಿಯ ಮನೆಯಲ್ಲೂ ಮಾಸ್ಕ್. ಆಮೇಲೆ ಅದೇನು ತೋಚಿತೋ, ಕಿವಿ ಕೇಳದವರ ಸನ್ನೆ ಭಾಷೆ ಕಲಿಯಲು ಸೇರಿದಳು. ಕೈ ಬಲು ಚುರುಕು, ಎರಡು ವರ್ಷದಲ್ಲಿ ಗುರುಗಳೇ ತಲೆದೂಗುವಷ್ಟು ಕಲಿತಳು. ಆದರೆ ಆ ಭಾಷೆಯಲ್ಲಿ ಅರ್ಧ ಮಾತು ಕೈಯದಾದರೆ ಇನ್ನರ್ಧ ಮುಖದ್ದು. ಅದೇ ಸನ್ನೆಗೆ ಹುಬ್ಬು ಏರಿಸಿದರೆ ಪ್ರಶ್ನೆ, ಏರಿಸದಿದ್ದರೆ ಬರೀ ಮಾತು. ನೋವು ಎಷ್ಟು ಎಂದು ಹೇಳುವುದು ಬಾಯಿ, ಕೆನ್ನೆ, ಕಣ್ಣು. ಮಾಸ್ಕ್ ಹಾಕಿಕೊಂಡು ಸನ್ನೆ ಮಾಡಿದರೆ ಅರ್ಧ ಮಾತು ನುಂಗಿದ ಹಾಗೆ.

ಊರಿನ ದೊಡ್ಡಾಸ್ಪತ್ರೆಯವರು ಡಾಕ್ಟರಿಗೂ ಕಿವಿ ಕೇಳದ ರೋಗಿಗೂ ನಡುವೆ ಮಾತು ದಾಟಿಸಲು ಒಬ್ಬರನ್ನು ತೆಗೆದುಕೊಳ್ಳುವವರಿದ್ದರು. ಸೋಮವಾರ ಪರೀಕ್ಷೆ. ನಿಜವಾದ ಡಾಕ್ಟರು, ನಿಜವಾದ ರೋಗಿ, ಅರ್ಧ ಗಂಟೆ, ಮಾಸ್ಕ್ ಇಲ್ಲ. ಕೆಲಸ ಒಂದೇ ಒಂದು, ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಈ ಸುದ್ದಿ ಬಂದಾಗಲೇ ಅವಳು, "ಚರ್ಮದ ಡಾಕ್ಟರ ಹತ್ರ ಹೋಗ್ಲಾ ಅಕ್ಕ?" ಎಂದು ಕೇಳಿದ್ದಳು.

"ಮನೇಲಿ ಅಕ್ಕನ್ನ ಇಟ್ಕೊಂಡು ಡಾಕ್ಟರ್ ಯಾಕೇ? ಇವಳಕ್ಕ ಸತ್ತಿದಾಳಾ ಅಂತ ಕೇಳ್ತಾರೆ," ಎಂದಿದ್ದೆ.

ದಿನ ಬಿಟ್ಟು ದಿನ, ಸಂಜೆ ಸ್ನಾನದ ನಂತರ ಮೂರು ಹನಿ. ಹಗಲು ಸನ್‌ಸ್ಕ್ರೀನ್. ಎಂಟು ವಾರದಲ್ಲಿ ಹೊಸ ಮೊಡವೆ ನಿಂತೇಹೋಯಿತು ಎನ್ನಬಹುದು, ಕಲೆಗಳೂ ಮಾಸುತ್ತಿದ್ದವು. ಕಳೆದ ಭಾನುವಾರ ಅವಳು ಮಾಸ್ಕ್ ಇಲ್ಲದೆ ಹಾಲು ತರಲು ಬೀದಿಗೆ ಹೋಗಿದ್ದನ್ನು ಅಮ್ಮ ಕಿಟಕಿಯಲ್ಲಿ ನಿಂತು ನೋಡಿದ್ದಳು. ನಾನೂ ನೋಡಿದ್ದೆ. ಆ ಮುಖದ ಮೇಲೆ ಈಗ ಏನಾಗಿದೆಯೋ.

ಎರಡೂ ಬಾಟಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಅಮ್ಮ ಪಾತ್ರೆ ಒರೆಸುತ್ತಿದ್ದಳು.

"ಬೆಳಿಗ್ಗೆ ಗುಬ್ಬಿ ಮುಖ ನೋಡಿದ್ಯಾ?"

"ಎಲ್ಲಿ ತೋರಿಸಿದಳು? ಏಳು ಗಂಟೆಗೇ ಮಾಸ್ಕ್ ಹಾಕ್ಕೊಂಡು, ಸ್ಕಾರ್ಫ್ ಸುತ್ಕೊಂಡು ಹೊರಟಳು. ತಿಂಡಿ ಬೇಡ ಅಂದಳು. ಅಗಿಯೋಕೆ ಕೆನ್ನೆ ಎಳೀತಿದೆಯಂತೆ." ಅಮ್ಮ ನನ್ನ ಮುಖ ನೋಡಿ ಬಟ್ಟೆ ಕೆಳಗಿಟ್ಟಳು. "ಏನಾಯ್ತೇ?"

ಏನಾಯಿತೆಂದು ಹೇಳಿದೆ. ಹೇಳಿದೆ ಎನ್ನುವುದು ಮರ್ಯಾದೆಯ ಮಾತಾಯಿತು, ಕಿರುಚಿದೆ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ಯಾವ ವಾರ್ಡಿನ ಬಟ್ಟೆ ಯಾವುದೆಂದು ಗಂಟು ಕಟ್ಟಿ, ಗುರುತು ಮಾಡಿ ಕಳಿಸುವುದು ಅವಳ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಚಾಳಿ ಬಿಟ್ಟಿರಲಿಲ್ಲ. ನಮ್ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷಿಗೂ ರಬ್ಬರ್ ಬ್ಯಾಂಡ್, ಬೀಗದ ಕೈಗೂ ರಬ್ಬರ್ ಬ್ಯಾಂಡ್. ಸುಮ್ಮನೆ ಕೂತರೆ ನಮಗೂ ಒಂದೊಂದು ಸುತ್ತಿಬಿಡುತ್ತಾಳೆ ಎಂದು ಗುಬ್ಬಿ ನಗುತ್ತಿದ್ದಳು. ಪ್ರತಿ ಗುರುವಾರ ಮಧ್ಯಾಹ್ನ ನನ್ನ ಬಾಟಲಿಗಳ ಡ್ರಾಪರ್ ಮುಚ್ಚಳಗಳನ್ನು ತೊಳೆದು ಟವೆಲಿನ ಮೇಲೆ ಒಣಗಲು ಇಡುವವಳೂ ಅವಳೇ.

"ನಿನ್ನೆ ಮುಚ್ಚಳ ತೊಳೆದೋಳು ನೀನು ತಾನೇ? ಯಾವುದು ಯಾವುದಕ್ಕೆ ಅಂತ ನೋಡ್ಬಾರ್ದಾ? ಕಣ್ಣು ಕಾಣಲ್ಲ ಅಂದ್ರೆ ಹೇಳ್ಬಾರ್ದಾ? ಅವಳ ಮುಖ ಸುಟ್ಟುಹಾಕಿದ್ಯಲ್ಲಮ್ಮಾ!"

ಅಮ್ಮ ನನ್ನ ಕೈಯಲ್ಲಿದ್ದ ಬಾಟಲಿಗಳನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಮತ್ತೆ, "ಇರಬಹುದು ಕಣೇ," ಎಂದಳು. "ವಯಸ್ಸಾಯ್ತು. ಅದಲುಬದಲು ಆಗಿರಬಹುದು. ನೀನು ಮೊದಲು ಅವಳ ಹತ್ರ ಹೋಗು."

ಆ ನಲವತ್ತರ ಬಾಟಲಿ, ತಣ್ಣೀರಿನ ಬಾಟಲಿ, ಹತ್ತಿ ಬಟ್ಟೆ ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದೆ. ಪ್ರತಿ ಸ್ಟಾಪಿನಲ್ಲೂ ಆ ಬಸ್ಸು ನಿಂತು, ನಿಟ್ಟುಸಿರು ಬಿಟ್ಟು, ಹೊರಡಲೋ ಬೇಡವೋ ಎಂದು ಯೋಚಿಸುತ್ತಿತ್ತು. ನಾನು ಲೆಕ್ಕ ಹಾಕುತ್ತಲೇ ಇದ್ದೆ. ಸಂಜೆ ಏಳು ಗಂಟೆಗೆ ಹಚ್ಚಿಕೊಂಡಿದ್ದರೆ, ಮಲಗುವಾಗ ತೊಳೆಯದಿದ್ದರೆ, ಬೆಳಗಿನವರೆಗೆ ಹಾಗೇ ಬಿಟ್ಟಿದ್ದರೆ. ತೊಳೆಯಬೇಡ ಎಂದು ಹೇಳಿದ್ದವಳು ನಾನೇ. ಹೊರಗಿನ ಬಿಸಿಲು ನೋಡಿದರೂ ಹೆದರಿಕೆಯಾಗುತ್ತಿತ್ತು.

ಅವಳ ಸನ್ನೆ ಭಾಷೆಯ ಶಾಲೆಯ ಕೋಣೆಗೆ ಗಾಜಿನ ಬಾಗಿಲು. ಒಳಗೆ ಎಂಟು ಜನ ಕೈಯಲ್ಲೇ ಜಗಳವಾಡುತ್ತ, ನಗುತ್ತ, ಸದ್ದಿಲ್ಲದೆ ಗಲಾಟೆ ಎಬ್ಬಿಸಿದ್ದರು. ಗುಬ್ಬಿ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ಬಂದು, ಬಚ್ಚಲ ಕಡೆ ನಡೆದು, ಬಾಗಿಲು ಹಾಕಿ ಮಾಸ್ಕ್ ತೆಗೆದಳು.

ಎರಡೂ ಕೆನ್ನೆ ಇಸ್ತ್ರಿ ತಾಗಿದ ಬಟ್ಟೆಯ ಬಣ್ಣಕ್ಕೆ ತಿರುಗಿ ಬಿಗಿದುಕೊಂಡಿದ್ದವು. ಮೂಗಿನ ಪಕ್ಕ, ಬಾಯಿಯ ಕೊನೆಗಳಲ್ಲಿ ಬಿಳಿ ಹಕ್ಕಳೆ. ಗಲ್ಲ ಊದಿತ್ತು.

"ತುಂಬಾ ಉರೀತು ಅಕ್ಕ," ಎಂದಳು, ತುಟಿ ಹೆಚ್ಚು ಅಲುಗಿಸದೆ. "ನೀನೇ ಹೇಳಿದ್ಯಲ್ಲ, ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ ಅಂತ. ಸೋಮವಾರ ಹತ್ರ ಬಂತು, ಇನ್ನೊಂಚೂರು ಚೆನ್ನಾಗಾಗ್ಲಿ ಅಂತ ತಡ್ಕೊಂಡೆ. ಒಂದು ಗಂಟೆ ತಡ್ಕೊಂಡೆ. ಆಮೇಲೆ ಆಗಲಿಲ್ಲ, ತೊಳೆದ್ಬಿಟ್ಟೆ. ತೊಳೆದಿದ್ದು ತಪ್ಪಾಯ್ತಾ?"

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಹೊಡೆದಿಲ್ಲ. ಉರಿದರೆ ಕೆಲಸ ಮಾಡುತ್ತಿದೆ ಎನ್ನುವುದು ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತು. ಗಿರಾಕಿಗಳು ಸುಮ್ಮನಿರಲಿ ಎಂದು ಹೇಳುವುದು. ಅದನ್ನು ನಂಬಿ ಇವಳು ಒಂದು ಗಂಟೆ ಬೆಂಕಿ ಹೊತ್ತು ಕೂತಿದ್ದಳು.

"ತಪ್ಪಲ್ಲ ಕಣೇ. ಅದು ನಿನ್ನ ಬಾಟ್ಲಿ ಅಲ್ಲ, ನಲವತ್ತರದ್ದು," ಎಂದೆ. ಅವಳ ಕಣ್ಣು ಅಗಲವಾದದ್ದನ್ನು ನೋಡಿ ನನ್ನ ನಾಲಿಗೆ ತಾನಾಗಿಯೇ ಮುಂದುವರಿಯಿತು: "ಅಮ್ಮ ಮುಚ್ಚಳ ಅದಲುಬದಲು ಮಾಡ್ಬಿಟ್ಟಿದಾಳೆ."

ಗುಬ್ಬಿ ಕನ್ನಡಿ ನೋಡಿದಳು. ಅಳಲಿಲ್ಲ. ಅತ್ತರೆ ಕಣ್ಣೀರಿನ ಉಪ್ಪು ತಾಗಿ ಇನ್ನೂ ಉರಿಯುತ್ತದೆ ಎನ್ನುವುದು ಅವಳಿಗೆ ಆಗಲೇ ಗೊತ್ತಾಗಿತ್ತು ಎಂದು ಕಾಣುತ್ತದೆ.

ಅಲ್ಲಿಂದ ನೇರ ಚರ್ಮದ ಡಾಕ್ಟರ ಹತ್ತಿರ. ಆಕೆ ದೀಪ ಹಿಡಿದು, ಭೂತಕನ್ನಡಿ ಹಿಡಿದು, ಕೆನ್ನೆಯ ಇಂಚಿಂಚನ್ನೂ ನೋಡಿದರು. ಬಾಟಲಿ ಕೇಳಿದರು. ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಲೇಬಲ್ ಎಲ್ಲಿ?" ಎಂದರು.

ಹೇಳಿದೆ. ಫೋಟೋ ಹೊಡೆಯುವ ಗಿರಾಕಿಗಳು, ಬಿಸಿನೀರು, ಚುಕ್ಕೆ, ಎಲ್ಲ. ಮನೆಯಲ್ಲಿ ಅಷ್ಟು ಜಾಣತನವಾಗಿ ಕಂಡಿದ್ದು ಆ ಕುರ್ಚಿಯ ಮೇಲೆ ಕೂತು ಹೇಳುವಾಗ ಶುದ್ಧ ಹುಚ್ಚಾಗಿ ಕೇಳಿಸಿತು.

"ಮುಚ್ಚಳಕ್ಕೆ ಗುರುತಾ? ಮುಚ್ಚಳ ಊರೆಲ್ಲ ಅಲೆಯುತ್ತೆ ಕಣಮ್ಮ. ಔಷಧಿ ಇರೋದು ಬಾಟ್ಲಿಯಲ್ಲಿ. ಅದೂ ಇಷ್ಟು ಗಟ್ಟಿದನ್ನ ಮನೆಯಲ್ಲಿ ಇಟ್ಕೊಂಡು ಹಚ್ಚೋ ಧೈರ್ಯ ನಿಮಗೆ ಕೊಟ್ಟವರ್ಯಾರು?" ಎಂದರು. ಡಾಕ್ಟರು ಗುಬ್ಬಿಯ ಕಡೆ ತಿರುಗಿ ದನಿ ಇಳಿಸಿದರು. "ನೀನು ತೊಳೆದದ್ದು ಒಳ್ಳೇದಾಯ್ತು ಮಗು. ಆಳಕ್ಕೆ ಹೋಗಿಲ್ಲ. ಮೂರ್ನಾಲ್ಕು ದಿನ ಸಿಪ್ಪೆ ಏಳುತ್ತೆ. ಕೀಳಬೇಡ, ಬಿಸಿಲಿಗೆ ಹೋಗಬೇಡ. ಈ ಜೆಲ್ಲಿ ಮಾತ್ರ, ಬೇರೇನೂ ಹಚ್ಚಬೇಡ. ಕಲೆ ಉಳಿಯುತ್ತಾ ಇಲ್ವಾ ಅಂತ ಒಂದು ತಿಂಗಳಾದ ಮೇಲೆ ಹೇಳ್ತೀನಿ."

"ಸೋಮವಾರ?" ಎಂದಳು ಗುಬ್ಬಿ.

"ಸೋಮವಾರ ಸಿಪ್ಪೆ ಜೋರಾಗಿರುತ್ತೆ. ಸುಳ್ಳು ಯಾಕೆ ಹೇಳ್ಲಿ."

ಶನಿವಾರ ಹೇಗೆ ಕಳೆಯಿತೋ ನನಗೇ ಗೊತ್ತಿಲ್ಲ. ನನ್ನ ಕೋಣೆಗೆ ಬೀಗ ಹಾಕಿ, ಗಿರಾಕಿಗಳಿಗೆ ಜ್ವರ ಎಂದೆ. ಗಂಟೆಗೊಮ್ಮೆ ಗುಬ್ಬಿಯ ಮುಖಕ್ಕೆ ಜೆಲ್ಲಿ ಸವರುವುದು, ಸವರುವ ನೆಪದಲ್ಲಿ ಕಪ್ಪಾಗುತ್ತಿದೆಯೇ ಎಂದು ಕದ್ದು ನೋಡುವುದು. ಎಡಗೆನ್ನೆಯ ಮೇಲೆ ಒಂದು ಜಾಗ ಬೆಳಿಗ್ಗೆಗಿಂತ ಮಧ್ಯಾಹ್ನ ಗಾಢವಾಗಿದೆ ಎಂದು ಒಮ್ಮೆ, ಇಲ್ಲ ಎಂದು ಒಮ್ಮೆ ಅನಿಸುತ್ತಿತ್ತು. ಅವಳು ನನ್ನ ಮುಂದೆ ಮುಖ ಒಡ್ಡಿ ಕಣ್ಣು ಮುಚ್ಚಿ ಕೂರುತ್ತಿದ್ದಳು, ಏನೂ ಆಗದವಳ ಹಾಗೆ. ಆ ನಂಬಿಕೆಯೇ ನನ್ನನ್ನು ಹೆಚ್ಚು ಹೆದರಿಸುತ್ತಿತ್ತು.

ಅಮ್ಮನನ್ನು ಮಾತ್ರ ಗುಬ್ಬಿ ಹತ್ತಿರ ಸೇರಿಸಲಿಲ್ಲ. ಅಮ್ಮ ತಟ್ಟೆ ತಂದಿಟ್ಟರೆ ಮುಟ್ಟುತ್ತಿರಲಿಲ್ಲ. ನಾನು ಅದೇ ತಟ್ಟೆ ಎತ್ತಿ ಕೊಟ್ಟರೆ ತಿನ್ನುತ್ತಿದ್ದಳು. ಅಮ್ಮ ಬಾಗಿಲ ಬಳಿ ನಿಂತು, "ಉರಿ ಕಡಿಮೆ ಆಯ್ತಾ ಮಗಳೇ?" ಎಂದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಒಮ್ಮೆ ಮಾತ್ರ ಬಾಯಿಬಿಟ್ಟಳು. "ಎರಡು ಬಾಟ್ಲಿ ಅಮ್ಮ. ಎರಡೇ ಎರಡು. ನೀನು ಸಾವಿರ ಹಾಸಿಗೆ ಬಟ್ಟೆ ಲೆಕ್ಕ ತಪ್ಪದೆ ಕಳಿಸ್ತಿದ್ದೆ." ಅಮ್ಮ ಹೂಂ ಎಂದು ಅಡುಗೆಮನೆಗೆ ಹೋದಳು.

ಭಾನುವಾರ ಬೆಳಿಗ್ಗೆ ನನ್ನ ಏಪ್ರನ್ನು ಒಗೆಯಲು ಹಾಕುವ ಮುಂಚೆ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಏನೋ ಸಿಕ್ಕಿತು. ತೆಗೆದು ನೋಡಿದೆ. ಮೂರು ರಬ್ಬರ್ ಬ್ಯಾಂಡು.

ಎಲ್ಲಿಂದ ಬಂದವು ಎಂದು ಯೋಚಿಸಿದೆ. ಯೋಚಿಸುತ್ತ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟೆ. ಗುರುವಾರ ಮಧ್ಯಾಹ್ನ ಅಮ್ಮ ಮುಚ್ಚಳಗಳನ್ನು ತೊಳೆದು ಟವೆಲಿನ ಮೇಲೆ ಸಾಲಾಗಿ ಇಟ್ಟಿದ್ದಳು, ಒಂದೊಂದೂ ಅದರದರ ಬಾಟಲಿಯ ಮುಂದೆ. ಬಾಟಲಿಗಳ ಕುತ್ತಿಗೆಗೆ ರಬ್ಬರ್ ಬ್ಯಾಂಡು ಇತ್ತು, ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು. ನನ್ನ ಚುಕ್ಕೆಗಳನ್ನು ನಂಬದೆ ಅವಳು ತನ್ನದೇ ಗುರುತು ಹಾಕಿದ್ದಳು, ಮುಚ್ಚಳಕ್ಕಲ್ಲ, ಬಾಟಲಿಗೆ. ಆಗಲೇ ಗಿರಾಕಿಯೊಬ್ಬಳ ಫೋನು ಬಂತು. ಫೋನನ್ನು ಕಿವಿ ಭುಜದ ನಡುವೆ ಸಿಕ್ಕಿಸಿಕೊಂಡು, ಜಾಗ ಬೇಕೆಂದು ಟವೆಲನ್ನು ಎಳೆದು, ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಆ ಕೊಳಕು ಬ್ಯಾಂಡುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಕೈಗೆ ಸಿಕ್ಕ ಮುಚ್ಚಳವನ್ನು ಕೈಗೆ ಸಿಕ್ಕ ಬಾಟಲಿಗೆ ತಿರುವಿದವಳು ನಾನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನಲ್ಲ, ಹೆತ್ತವಳನ್ನೇ ಡೊಂಕು ಎಂದಿದ್ದೆ.

ಬ್ಯಾಂಡುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಅಮ್ಮನ ಮುಂದೆ ನಿಂತೆ. ಅವಳು ನೋಡಿ, ಮತ್ತೆ ಒಲೆಯ ಕಡೆ ತಿರುಗಿದಳು.

"ನಿನಗೆ ಗೊತ್ತಿತ್ತಾ?"

"ಶುಕ್ರವಾರ ನೀನು ಕಿರುಚಿದಾಗಲೇ ಗೊತ್ತಾಯ್ತು. ನಿನ್ನ ಕೈಲಿದ್ದ ಬಾಟ್ಲಿ ಮೇಲೆ ನನ್ನ ಬ್ಯಾಂಡ್ ಇರಲಿಲ್ಲ."

"ಮತ್ಯಾಕೆ ನಾನಲ್ಲ ಅನ್ನಲಿಲ್ಲ? ಎರಡು ದಿನದಿಂದ ಅವಳು ನಿನ್ನ ಕೈ ಊಟ ಮುಟ್ಟಿಲ್ಲ!"

"ಮೆಲ್ಲಗೆ ಮಾತಾಡು." ಅಮ್ಮ ಕೋಣೆಯ ಕಡೆ ನೋಡಿದಳು. "ನನ್ನ ಮೇಲೆ ಕೋಪ ಬಂದ್ರೆ ಊಟ ಬಿಡ್ತಾಳೆ. ಹಸಿವಾದಾಗ ತಿಂತಾಳೆ. ನಿನ್ನ ಮೇಲೆ ನಂಬಿಕೆ ಹೋದ್ರೆ ಮುಖಕ್ಕೆ ಕೈ ಹಾಕಿಸ್ಕೊಳ್ಳಲ್ಲ. ಆ ಮುಖ ನೋಡ್ಕೊಳ್ಳೋರು ಬೇರೆ ಯಾರಿದಾರೆ? ಸೋಮವಾರ ಮುಗೀಲಿ. ಆಮೇಲೆ ಬೇಕಾದ್ರೆ ಹೇಳ್ಕೊ."

ಅಮ್ಮನ ಲೆಕ್ಕ ಸರಿಯಾಗಿತ್ತು. ಅದು ಸರಿಯಾಗಿದ್ದದ್ದೇ ನನಗೆ ತಡೆಯಲಾಗಲಿಲ್ಲ. ಹೇಳಿದರೆ ಪರೀಕ್ಷೆಯ ಹಿಂದಿನ ದಿನ ಗುಬ್ಬಿಯ ಕಾಲ ಕೆಳಗಿನ ನೆಲವನ್ನೇ ಎಳೆದಂತೆ. ಹೇಳದಿದ್ದರೆ ಅಮ್ಮನ ತಟ್ಟೆ ಹಾಗೇ ಆರುತ್ತದೆ. ಆ ದಿನವಿಡೀ ನಾಲ್ಕು ಸಲ ಬಾಯಿ ತೆರೆದೆ, ನಾಲ್ಕು ಸಲವೂ "ಜೆಲ್ಲಿ ಹಚ್ಚಲಾ?" ಎಂದು ಮುಗಿಸಿದೆ.

ಸೋಮವಾರ ಬೆಳಿಗ್ಗೆ ಡಾಕ್ಟರು ಹೇಳಿದಂತೆಯೇ ಆಯಿತು. ಮೂಗಿನಿಂದ ಗಲ್ಲದವರೆಗೆ ಸಿಪ್ಪೆ ಎದ್ದು, ಅಂಚುಗಳು ಗಾಳಿಗೆ ಅಲುಗುತ್ತಿದ್ದವು. ಕೆಳಗಿನ ಹೊಸ ಚರ್ಮ ಎಳೆಗೆಂಪು. ಎಡಗೆನ್ನೆಯಲ್ಲಿ ಆ ಜಾಗ ಕಂದಾಗಿಯೇ ಇತ್ತು. ಗುಬ್ಬಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು.

"ಹೋಗೋದು ಬೇಡ ಅನ್ಸಿದ್ರೆ..." ಎಂದೆ.

"ಹನ್ನೊಂದು ವರ್ಷ ಬೇಡ ಅನ್ಸಿದೆ ಅಕ್ಕ. ಸಾಕು," ಎಂದು ಮಾಸ್ಕ್ ಹಾಕಿಕೊಂಡಳು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಗುಬ್ಬಿ ಅವಳ ಪಕ್ಕದಿಂದಲೇ ಚಪ್ಪಲಿ ಮೆಟ್ಟಿಕೊಂಡು ಇಳಿದಳು, ಹೋಗಿಬರುತ್ತೇನೆ ಎನ್ನಲಿಲ್ಲ.

ಆಸ್ಪತ್ರೆಯ ಎರಡನೆಯ ಮಹಡಿ, ಉದ್ದದ ಪಡಸಾಲೆ, ಕೊನೆಯ ಕೋಣೆ. ಬಾಗಿಲಿಗೆ ನಡುಮಟ್ಟದಿಂದ ಮೇಲೆ ಗಾಜು. ಗಾಳಿಗೆಂದು ಬಾಗಿಲನ್ನು ಒಂದು ಗೇಣು ತೆರೆದಿಟ್ಟಿದ್ದರು. ನಾನು ಎದುರಿನ ಬೆಂಚಿನ ತುದಿಯಲ್ಲಿ ಕೂತೆ. ಒಳಗೆ ಹೊಟ್ಟೆಯ ಡಾಕ್ಟರು, ಪರೀಕ್ಷೆ ಮಾಡುವ ಮೂವರು, ಮತ್ತು ಶರ್ಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡ ಒಬ್ಬ ಮುದುಕಪ್ಪ. ಗುಬ್ಬಿ ಅವರ ಎದುರು ಕೂತು ಮಾಸ್ಕ್ ಬಿಚ್ಚಿ ಮಡಿಸಿ ಚೀಲದಲ್ಲಿಟ್ಟಳು. ಮೂವರಲ್ಲಿ ಒಬ್ಬಾಕೆ ಪಕ್ಕದವರ ಕಡೆ ನೋಡಿದ್ದು ನನಗೆ ಕಂಡಿತು.

ಶುರುವಾಯಿತು. ಡಾಕ್ಟರು ಮಾತಾಡಿದ್ದು ಗುಬ್ಬಿಯ ಕೈಗೆ ಹೋಗುತ್ತಿತ್ತು, ಮುದುಕಪ್ಪನ ಕೈ ಆಡಿದ್ದು ಗುಬ್ಬಿಯ ಬಾಯಿಗೆ ಬರುತ್ತಿತ್ತು. ನೋವು ಎಲ್ಲಿ, ಎಷ್ಟು ದಿನದಿಂದ, ಚುಚ್ಚುತ್ತದೆಯೋ ಹಿಂಡುತ್ತದೆಯೋ. ಹುಬ್ಬು ಏರಿಸುವಾಗ, ಬಾಯಿ ಅಗಲಿಸುವಾಗ ಆ ಸಿಪ್ಪೆಗಳು ಎಳೆಯುವುದು ಇಲ್ಲಿಂದಲೇ ಗೊತ್ತಾಗುತ್ತಿತ್ತು. ಆದರೂ ಅವಳು ಒಂದು ಹುಬ್ಬನ್ನೂ ಉಳಿಸಿಕೊಳ್ಳಲಿಲ್ಲ. ಹಿಂಡುವ ನೋವನ್ನು ಕೇಳುವಾಗ ಅವಳ ಮುಖವಿಡೀ ಹಿಂಡಿಕೊಂಡಿತು. ಮುದುಕಪ್ಪ ಜೋರಾಗಿ ತಲೆಯಾಡಿಸಿದರು.

ಆಮೇಲೆ ಅವರು ಕೈ ನಿಲ್ಲಿಸಿ, ಗುಬ್ಬಿಯ ಮುಖ ದಿಟ್ಟಿಸಿ, ತಮ್ಮ ಕೆನ್ನೆ ಮುಟ್ಟಿಕೊಂಡು ಏನೋ ಕೇಳಿದರು. ರೋಗಿ ಹೇಳಿದ್ದೆಲ್ಲವನ್ನೂ ಡಾಕ್ಟರಿಗೆ ದಾಟಿಸಬೇಕು, ಅದು ಆ ಕೆಲಸದ ನಿಯಮ. ಗುಬ್ಬಿಯ ದನಿ ಕೇಳಿಸಿತು: "ನಿನ್ನ ಮುಖಕ್ಕೆ ಏನಾಯ್ತು ಮಗಳೇ, ಅಂತ ನನ್ನನ್ನ ಕೇಳ್ತಿದಾರೆ."

"ಹೇಳಿ, ಪರವಾಗಿಲ್ಲ," ಎಂದರು ಡಾಕ್ಟರು.

ಅವಳು ಕೈಯಲ್ಲೂ ಹೇಳಿದಳು, ಬಾಯಲ್ಲೂ ಹೇಳಿದಳು. "ಔಷಧಿ ಬದಲಾಯ್ತು. ನಮ್ಮಮ್ಮ ಮುಚ್ಚಳ ಬದಲು ಮಾಡಿಬಿಟ್ಟರು."

ಐದು ಜನ ಅಪರಿಚಿತರ ಮುಂದೆ ಅಮ್ಮನ ಹೆಸರು ಹೀಗೆ ಬಿತ್ತು. ನಾನು ಯಾವಾಗ ಎದ್ದು ಗಾಜಿನ ಹತ್ತಿರ ಹೋದೆನೋ ಗೊತ್ತಿಲ್ಲ. ಗುಬ್ಬಿ ತಲೆ ಎತ್ತಿದಾಗ ಅವಳ ಕಣ್ಣು ನೇರ ನನ್ನ ಮೇಲೆ ಬಿತ್ತು. ಎರಡು ವರ್ಷ ಅವಳು ಮನೆಯಲ್ಲಿ ನನ್ನ ಮೇಲೆ ಅಭ್ಯಾಸ ಮಾಡಿದ್ದಳು. ನಾಲ್ಕು ಸನ್ನೆ ನನಗೂ ಬರುತ್ತಿತ್ತು. "ನಿನ್ನ ಕೈ ಸರಿಯಾಗೇ ಇದೆ ಅಕ್ಕ, ಮುಖ ಮಾತ್ರ ಸುಳ್ಳು ಹೇಳುತ್ತೆ, ಯಾವಾಗ್ಲೂ ಗಿರಾಕಿ ಮುಂದೆ ಕೂತ ಹಾಗೆ ನಗ್ತಿರ್ತೀಯ," ಎಂದು ಬೈಯುತ್ತಿದ್ದಳು.

ನಾನು ಅಮ್ಮ ಎನ್ನುವ ಸನ್ನೆ ಮಾಡಿದೆ. ಅಲ್ಲ ಎಂದೆ. ಬೆರಳನ್ನು ನನ್ನ ಎದೆಗೆ ಇಟ್ಟುಕೊಂಡೆ. ಮತ್ತೊಮ್ಮೆ ಮಾಡಿದೆ. ಅಮ್ಮ ಅಲ್ಲ, ನಾನು. ಆಗ ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ನಗು ಮಾತ್ರ ಇರಲಿಲ್ಲ, ಅದಂತೂ ಗೊತ್ತು.

ಗುಬ್ಬಿಯ ಮುಖದ ಮೇಲೆ ಎಲ್ಲವೂ ಒಂದೊಂದಾಗಿ ಹಾದುಹೋಯಿತು. ಮೊದಲು ಏನು ಎನ್ನುವುದು, ಆಮೇಲೆ ಓಹೋ ಎನ್ನುವುದು, ಆಮೇಲೆ ಹೆಸರಿಲ್ಲದ್ದೊಂದು. ಮುಚ್ಚಿಕೊಳ್ಳಲು ಮಾಸ್ಕ್ ಇರಲಿಲ್ಲ. ಅವಳು ಮುದುಕಪ್ಪನ ಕಡೆ ತಿರುಗಿ ಕೈ ಎತ್ತಿದಳು. "ಕ್ಷಮಿಸಿ, ತಪ್ಪು ಹೇಳಿದೆ," ಎಂದಳು, ಎರಡೂ ಭಾಷೆಯಲ್ಲಿ. "ಅಮ್ಮ ಅಲ್ಲ. ನಮ್ಮಕ್ಕ." ಮುದುಕಪ್ಪ ಗಾಜಿನಾಚೆ ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಲೆ ಅಲ್ಲಾಡಿಸಿ, ತಮ್ಮ ಹೊಟ್ಟೆನೋವಿಗೆ ಮರಳಿದರು. ನಾನು ಬೆಂಚಿಗೆ ಮರಳಿದೆ.

ಮುಗಿಯುವಾಗ ಆ ಮುದುಕಪ್ಪ ಏಳಲಿಲ್ಲ. ಡಾಕ್ಟರ ಮೇಜು ತಟ್ಟಿ ಏನೋ ಹೇಳಿದರು. ಗುಬ್ಬಿ ಸುಮ್ಮನಿದ್ದಳು. ಅವರು ಮತ್ತೆ ತಟ್ಟಿದರು. ನಿಯಮ ನಿಯಮವೇ. "ಮುಂದಿನ ಸಲವೂ... ಈ ಹುಡುಗೀನೇ ಬರಬೇಕು, ಇಲ್ಲದಿದ್ರೆ ನಾನು ಬರಲ್ಲ, ಅಂತಿದಾರೆ," ಎಂದು ಅವಳೇ ದಾಟಿಸಬೇಕಾಯಿತು. ಮೂವರೂ ನಕ್ಕರು. ಡಾಕ್ಟರು ಏನೋ ಬರೆದುಕೊಂಡರು.

ಅವಳು ಹೊರಗೆ ಬಂದಳು. ಮಾಸ್ಕ್ ಚೀಲದಲ್ಲೇ ಇತ್ತು. ನನ್ನ ಮುಂದಿನಿಂದಲೇ ದಾಟಿ ಕಿಟಕಿಯ ಬಳಿ ಹೋಗಿ ಫೋನ್ ತೆಗೆದಳು.

"ಅಮ್ಮಾ," ಎಂದಳು. "ಊಟ ಮಾಡಿದ್ಯಾ? ಮಾಡಬೇಡ, ಇರು. ಬರ್ತಿದೀನಿ. ನೀನೇ ಬಡಿಸು."

ಫೋನು ಇಟ್ಟು ನನ್ನ ಹತ್ತಿರ ಬಂದು ಬೆಂಚಿನ ಮೇಲೆ ಕೂತಳು, ಒಂದು ಆಳು ಕೂರುವಷ್ಟು ಜಾಗ ಬಿಟ್ಟು. ನಾನು ಕ್ಷಮಿಸು ಎನ್ನುವ ಮುಂಚೆಯೇ ಅವಳು ನನ್ನ ಚೀಲದಿಂದ ಜೆಲ್ಲಿಯ ಟ್ಯೂಬ್ ತೆಗೆದು ನನ್ನ ಕೈಗಿಟ್ಟಳು.

"ಎಳೀತಿದೆ. ಹಚ್ಚು." ನಾನು ಮುಚ್ಚಳಕ್ಕೆ ಕೈ ಹಾಕಿದೆ. "ಊಹೂಂ. ಮೊದಲು ಓದು."

"ಏನು?"

"ಅದರ ಮೇಲೆ ಬರೆದಿರೋದು. ಎಲ್ಲಾ. ಗಟ್ಟಿಯಾಗಿ."

ಆಸ್ಪತ್ರೆಯ ಪಡಸಾಲೆಯಲ್ಲಿ ಜನ ಓಡಾಡುತ್ತಿದ್ದರು. ನಾನು ಟ್ಯೂಬನ್ನು ಕಣ್ಣಿನ ಹತ್ತಿರ ಹಿಡಿದು ಓದಿದೆ. ಪೆಟ್ರೋಲಿಯಂ ಜೆಲ್ಲಿ. ಹೊರಗೆ ಹಚ್ಚಲು ಮಾತ್ರ. ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ತಂಪಾದ ಜಾಗದಲ್ಲಿಡಿ. ತಯಾರಾದ ತಿಂಗಳು, ಮುಗಿಯುವ ತಿಂಗಳು, ತೂಕ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಷರಗಳು ಮಸುಕಾಗಿದ್ದವು, ಒರೆಸಿಕೊಂಡು ಅದನ್ನೂ ಓದಿದೆ.

"ಮುಚ್ಚಳದ ಮೇಲೆ?"

"ಏನೂ ಇಲ್ಲ," ಎಂದೆ.

ಗುಬ್ಬಿ ಕಣ್ಣು ಮುಚ್ಚಿ ಮುಖ ಮುಂದಕ್ಕೆ ಕೊಟ್ಟಳು.